ಕೋಚ್ ಹಾಲ್ಕಂ ಮನೆಯಂಗಳದ ಬೋರ್ಡು

"ನನ್ನ ಮಗನ ಹೆಲ್ಮೆಟ್ ಕಿತ್ಕೊಂಡು ಕಂಕುಳಲ್ಲಿ ಇಟ್ಕೊಂಡ ಕಣ್ರೋ, ಸಂತೆಯಿಂದ ಕುಂಬಳಕಾಯಿ ತರೋನ ಹಾಗೆ," ಎಂದ ಲೊವೆಲ್ ಟ್ಯಾಟಮ್. ಇದನ್ನವನು ಎಷ್ಟನೇ ಸಲ ಹೇಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಹೇಳಿದಷ್ಟೂ ಸಿಟ್ಟು ಏರುತ್ತಿತ್ತು.

ಕ್ರೀಡಾಂಗಣದ ಹಿಂದಿನ ಬಯಲಿನಲ್ಲಿ ಪಿಕಪ್‌ಗಳು ಹಿಂಬಾಗಿಲು ಇಳಿಸಿಕೊಂಡು ನಿಂತಿದ್ದವು. ಬೆಳಗ್ಗೆ ಹೊತ್ತಿಸಿದ ಕೆಂಡದ ಮೇಲೆ ಹಂದಿಯ ಪಕ್ಕೆಲುಬು ಸೀದು ಕರಕಲಾಗುತ್ತಿತ್ತು, ತಿನ್ನುವವರಿರಲಿಲ್ಲ. ಆಟ ಮುಗಿದು ಎಷ್ಟೋ ಹೊತ್ತಾಗಿದ್ದರೂ ಯಾರೂ ಮನೆಗೆ ಹೋಗಿರಲಿಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಅಲಬಾಮದ ಯಾವ ಕಾಲೇಜಿನ ಕೈಲಿ ಸೋತರೂ ಡ್ಯೂಬೆರಿ ಊರಿನವರು ಹೇಗೋ ಸಹಿಸಿಕೊಳ್ಳುತ್ತಾರೆ. ಕಾಲ್ವರ್ಟ್ ಕಾಲೇಜಿನ ಕೈಲಿ ಸೋತರೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇವತ್ತು ಸೋತದ್ದು ಕಾಲ್ವರ್ಟ್ ಕೈಲಿ, ಅದೂ ಸತತ ನಾಲ್ಕನೇ ವರ್ಷ.

ಲೊವೆಲನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಚೆಂಡೆಸೆದು ಆಟ ನಡೆಸುವ, ತಂಡದ ಕ್ವಾರ್ಟರ್‌ಬ್ಯಾಕ್ ರೀಸ್ ಅವನ ಒಬ್ಬನೇ ಮಗ. ಹಿತ್ತಲ ಮರಕ್ಕೆ ಹಳೇ ಟೈರು ನೇತುಹಾಕಿ ಅದರೊಳಗೆ ಚೆಂಡು ತೂರಿಸುವುದನ್ನು ಅವನಿಗೆ ಕಲಿಸಿದ್ದು ಲೊವೆಲ್. ಇವತ್ತು ದೊಡ್ಡ ಲೀಗಿಗೆ ಆಟಗಾರರನ್ನು ಆರಿಸುವ ಇಬ್ಬರು ಆ ಹುಡುಗನನ್ನು ನೋಡುವುದಕ್ಕೆಂದೇ ಬಂದು ಕೂತಿದ್ದರು. ಆಟದ ಮೂರನೇ ಕಾಲುಭಾಗದಲ್ಲಿ ರೀಸ್‌ಗೆ ಪೆಟ್ಟು ಬಿತ್ತು. ಬಿದ್ದ, ಎದ್ದ. ತಂಡದ ಡಾಕ್ಟರು ಬೆರಳು ತೋರಿಸಿದರು, ಹುಡುಗ ಎಣಿಸಿದ, ಡಾಕ್ಟರು ಆಡಬಹುದು ಅಂದರು. ಕೋಚ್ ಹಾಲ್ಕಂ ಮಾತ್ರ ಅವನ ತಲೆಯಿಂದ ಹೆಲ್ಮೆಟ್ ತೆಗೆದು ತಾನೇ ಹಿಡಿದುಕೊಂಡ. ಹೆಲ್ಮೆಟ್ ಇಲ್ಲದವನು ಮೈದಾನಕ್ಕೆ ಕಾಲಿಡುವಂತಿಲ್ಲ. ಆಟ ಮುಗಿಯುವ ತನಕ ಆ ಮನುಷ್ಯ ಅದನ್ನು ಕೆಳಗಿಡಲಿಲ್ಲ. ಲೀಗಿನ ಇಬ್ಬರೂ ನಡುವೆಯೇ ಎದ್ದು ಹೋದರು.

"ಒಂಬತ್ತು ವರ್ಷ ಸಾಕಿದೀವಿ ಅವನನ್ನ. ಸಾಕಿದ್ದು ಸಾಕು," ಎಂದ ಬರ್ಲ್. ಊರಲ್ಲಿ ಮನೆ ಮಾರಿಸಿಕೊಡುವುದು ಅವನ ಕಸುಬು.

"ಅವನು ಬರೋ ಮೊದಲು ನೀವು ಎಷ್ಟು ಗೆದ್ದಿದ್ರಪ್ಪಾ?" ಮಡಚುವ ಕುರ್ಚಿಯಲ್ಲಿ ಕೂತಿದ್ದ ಮಿಸ್ ಆರ್ಲೀನ್ ಕೇಳಿದರು. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ಹೆಂಗಸು. "ಈಗ ಹುಡುಗರು ಡಿಗ್ರಿನಾದ್ರೂ ಮುಗಿಸ್ತಿದಾರೆ."

"ಡಿಗ್ರಿ ನೋಡೋಕೆ ನಾವು ಟಿಕೆಟ್ ತಗೋತೀವಾ, ಮಿಸ್ ಆರ್ಲೀನ್?" ಎಂದ ಬರ್ಲ್.

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ಲೊವೆಲ್, ಪೆಟ್ಟು ಬಿದ್ದ ಮೇಲೆ ನಿನ್ನ ಮಗ ಕಾಲ್ವರ್ಟ್‌ನವರ ಬೆಂಚಿನ ಕಡೆ ಹೊರಟಿದ್ದ. ಕೋಚ್ ಓಡಿಹೋಗಿ ತೋಳು ಹಿಡಿದು ಕರ್ಕೊಂಡು ಬಂದ. ನೀನು ನೋಡ್ಲಿಲ್ವಾ?"

"ನನ್ನ ಮಗನ್ನ ನೋಡೋಕೆ ನನಗೆ ನಿಮ್ಮ ಕನ್ನಡಕ ಬೇಕಿಲ್ಲ."

ನಿಜ ಹೇಳಬೇಕೆಂದರೆ ಅವನು ನೋಡಿರಲಿಲ್ಲ. ಆ ಗಳಿಗೆಯಲ್ಲಿ ಅವನ ಕಣ್ಣು ಲೀಗಿನ ಇಬ್ಬರ ಮುಖದ ಮೇಲಿತ್ತು.

ಜೇಬಿನಲ್ಲಿ ಫೋನು ಗುರುಗುಟ್ಟಿತು. ಲೊವೆಲ್ ತೆಗೆದು ಎಲ್ಲರಿಗೂ ಹೆಸರು ತೋರಿಸಿದ. "ನೋಡ್ರಪ್ಪಾ, ಕೋಚ್ ಸಾಹೇಬ್ರು. ಆಗಿಂದ ಮಾಡ್ತಾನೇ ಇದಾರೆ. ಇನ್ನಷ್ಟು ಗೋಗರೀಲಿ." ಕರೆ ಕತ್ತರಿಸಿದ. ಬರ್ಲ್ ಅವನ ಬೆನ್ನು ತಟ್ಟಿದ.

ಕೋಚ್ ಬೇಡವಾದರೆ ಡ್ಯೂಬೆರಿಯವರು ಅರ್ಜಿ ಗಿರ್ಜಿ ಬರೆಯುವವರಲ್ಲ. ಅವನ ಮನೆಯಂಗಳದಲ್ಲಿ 'ಮಾರಾಟಕ್ಕಿದೆ' ಎಂಬ ಬೋರ್ಡು ನೆಟ್ಟು ಬರುತ್ತಾರೆ. ಹಿಂದಿನ ಇಬ್ಬರು ಕೋಚ್‌ಗಳೂ ಬೋರ್ಡು ಕಂಡ ವರ್ಷವೇ ಗಂಟುಮೂಟೆ ಕಟ್ಟಿದ್ದರು. ಬರ್ಲ್ ಬಳಿ ಅಂಥ ಬೋರ್ಡುಗಳಿಗೆ ಬರವೇ? ಅವನ ಪಿಕಪ್ಪಿನ ಹಿಂದೆ ಒಂದು ರಾಶಿಯೇ ಬಿದ್ದಿತ್ತು.

"ಹೊಡೆಯೋ ಕೈ ನಿಂದೇ ಆಗ್ಬೇಕು," ಎಂದು ಬರ್ಲ್ ಸುತ್ತಿಗೆ ಕೊಟ್ಟ.

"ಮೊದಲು ಹುಡುಗ ಎಲ್ಲಿದಾನೆ ವಿಚಾರಿಸೋ," ಎಂದರು ಮಿಸ್ ಆರ್ಲೀನ್.

"ಹಾಸ್ಟೆಲಲ್ಲಿ ಗೋಡೆ ಗುದ್ದುತ್ತಾ ಇರ್ತಾನೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ," ಎಂದು ಲೊವೆಲ್ ಗಾಡಿ ಹತ್ತಿದ.

ಕೋಚ್ ಮನೆಯ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಮುಖ ತೋರಿಸಲು ನಾಚಿಕೆ, ಬಚ್ಚಿಟ್ಟುಕೊಂಡಿದ್ದಾನೆ ಎಂದುಕೊಂಡ ಲೊವೆಲ್. ಬರ್ಲ್ ಗಾಡಿಯಲ್ಲೇ ಕೂತ. ಅಂಗಳದ ಕೆಮ್ಮಣ್ಣು ಗಟ್ಟಿಯಾಗಿತ್ತು. ಲೊವೆಲ್ ಬೋರ್ಡಿನ ಗೂಟ ಊರಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಸುತ್ತಿಗೆ ಬೀಸಿದ. ಕಬ್ಬಿಣದ ಸದ್ದು ಬೀದಿಯ ಕೊನೆಯವರೆಗೂ ಹೋಯಿತು.

ಬಾಗಿಲು ತೆರೆಯಿತು. ಹಾಲ್ಕಂ ಬರಿಯ ಕಾಲುಚೀಲದಲ್ಲಿ ಹೊರಗೆ ಬಂದು ತುಟಿಯ ಮೇಲೆ ಬೆರಳಿಟ್ಟ.

ಲೊವೆಲನಿಗೆ ಕಣ್ಣು ಕತ್ತಲಿಟ್ಟಷ್ಟು ರೇಗಿತು. "ನನ್ನ ಮಗನ್ನ ಕೂರಿಸಿದ್ದಾಯ್ತು, ಈಗ ನನ್ನ ಬಾಯಿ ಮುಚ್ಚಿಸ್ತೀಯಾ?" ಎಂದು ಇನ್ನೂ ಎರಡು ಏಟು ಜೋರಾಗಿ ಹಾಕಿದ.

"ಲೊವೆಲ್, ದಮ್ಮಯ್ಯ, ಸದ್ದು ಮಾಡಬೇಡ," ಎಂದ ಹಾಲ್ಕಂ. ಅಷ್ಟರಲ್ಲಿ ಅವನ ಹಿಂದೆ ಯಾರೋ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ತಲೆಯ ಮೇಲೆ ಒದ್ದೆ ಟವಲು. ಒಂದು ಕೈ ಕಣ್ಣಿಗೆ ಅಡ್ಡ. ರೀಸ್.

"ಅಪ್ಪಾ," ಎಂದ ಹುಡುಗ. ಬೋರ್ಡನ್ನು ತುಂಬ ಹೊತ್ತು ನೋಡಿದ. "ನಮ್ಮನೆ ಮಾರ್ತಿದೀಯಾ?"

ಲೊವೆಲ್ ಎತ್ತಿದ ಸುತ್ತಿಗೆ ಎತ್ತಿದಲ್ಲೇ ಇತ್ತು.

"ನನಗೆ ಹೇಳ್ಲೇ ಇಲ್ವಲ್ಲ. ಇರ್ಲಿ, ಬೇಗ ಹೊರಡೋಣ. ಕಾಲ್ವರ್ಟ್ ಜೊತೆ ಪಂದ್ಯ ಇದೆ ಇವತ್ತು."

ಹಾಲ್ಕಂ ಮೆಟ್ಟಿಲಿಳಿದು ಹತ್ತಿರ ಬಂದ. "ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಸ್ಕ್ಯಾನಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಅಂದ್ರು. ಸುಧಾರಿಸ್ಕೋತಾನಂತೆ, ದಿನ ಹಿಡಿಯುತ್ತೆ. ಬೆಳಕು, ಸದ್ದು ಆಗಲ್ಲ. ಒಬ್ಬನ್ನೇ ಬಿಡಬಾರದು ಅಂದ್ರು. ನಿನಗೆ ಫೋನ್ ಮಾಡ್ತಾನೇ ಇದ್ದೆ ಲೊವೆಲ್." ಆ ದನಿಯಲ್ಲಿ ದೂರಿರಲಿಲ್ಲ, ದಣಿವು ಮಾತ್ರ ಇತ್ತು. ದೂರಿದ್ದರೆ ಲೊವೆಲ್ ಎದುರು ಮಾತಾಡಬಹುದಿತ್ತು.

ಸಿಟ್ಟು ಇಳಿಯಲಿಲ್ಲ. ಇದ್ದಲ್ಲೇ ಇತ್ತು, ಆದರೆ ಅದನ್ನು ಹೊರಿಸಲು ತನ್ನ ತಲೆಯ ಹೊರತು ಬೇರೆ ತಲೆಯೇ ಸಿಗಲಿಲ್ಲ.

ಅಷ್ಟರಲ್ಲಿ ಬರ್ಲ್ ಹಾರ್ನ್ ಒತ್ತಿದ, ಮೆರವಣಿಗೆಯ ಗತ್ತಿನಲ್ಲಿ, ಉದ್ದಕ್ಕೆ. ರೀಸ್ ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. ಲೊವೆಲ್ ಅರಚಲು ಬಾಯಿ ತೆರೆದ. ಅರಚುವಂತಿರಲಿಲ್ಲ. ಸುತ್ತಿಗೆ ಹುಲ್ಲಿನ ಮೇಲೆ ಬಿಟ್ಟು ಗಾಡಿಯ ಬಳಿಗೆ ಓಡಿ, ಕಿಟಕಿಯೊಳಗೆ ಕೈ ಹಾಕಿ ಬರ್ಲ್‌ನ ಮಣಿಕಟ್ಟು ಹಿಡಿದ.

"ಇನ್ನೊಂದು ಸಲ ಒತ್ತಿದ್ರೆ ಕೈ ಮುರಿದು ಹಾಕ್ತೀನಿ," ಎಂದ, ಪಿಸುದನಿಯಲ್ಲಿ. ಬರ್ಲ್ ಅವನ ಮುಖ ನೋಡಿ ಹಾರ್ನ್‌ನಿಂದ ಕೈ ತೆಗೆದ.

ವಾಪಸು ಬಂದಾಗ ಇಳಿಬಿಸಿಲು ನೇರ ಮೆಟ್ಟಿಲ ಮೇಲೆ ಬಿದ್ದಿತ್ತು. ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದು ಕೂತಿದ್ದ. ಏಳಿಸಲು ಲೊವೆಲನಿಗೆ ಧೈರ್ಯವಾಗಲಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ಅವನೆದುರು ನಿಂತ.

"ತಡ ಆಯ್ತಾ ಅಪ್ಪಾ?"

"ಇಲ್ಲ ಕಣೋ. ಇನ್ನೂ ಹೊತ್ತಿದೆ."

ರೀಸ್ ಕಣ್ಣಿನ ಮೇಲಿನ ಕೈ ತೆಗೆದ. ಬಿಸಿಲು ಜರುಗಿದಂತೆಲ್ಲ ಲೊವೆಲ್ ಸದ್ದಾಗದ ಹಾಗೆ ಪಕ್ಕಕ್ಕೆ ಸರಿಯುತ್ತಾ, ಅವನ ಮುಖದ ಮೇಲೆ ತನ್ನ ನೆರಳು ನಿಲ್ಲಿಸುತ್ತಿದ್ದ.