ಗಾಲಿಯಕ್ಕನ ಶೆಡ್ಡು ಖಾಲಿ ಯಾಕೆ?

"ಶೆಡ್ಡು ನೋಡಿದ್ರೆ ಖಾಲಿ. ಡಬ್ಬಿ ಮಾತ್ರ ತಿಂಗಳು ತಿಂಗಳು ತುಂಬ್ತಾನೇ ಇದೆ. ಹಾಗಾದ್ರೆ ದುಡ್ಡು ಎಲ್ಲಿಗೆ ಹೋಗ್ತಿದೆ ಸ್ವಾಮಿ?"

ಇಸ್ತ್ರಿ ಅಂಗಡಿಯವನು ಈ ಮಾತು ಆಡಿದ್ದು ಒಂದೇ ಒಂದು ಸಲ. ಬೀದಿಯ ಬಾಯಿಗೆ ಬಿದ್ದ ಮೇಲೆ ಕೇಳಬೇಕೇ? ಔಷಧಿ ಅಂಗಡಿ ಮುಟ್ಟೋಷ್ಟರಲ್ಲಿ ಗಾಲಿಯಕ್ಕ ಹೊಸ ಸೋಫಾ ತಗೊಂಡಿದ್ದಳು. ಬೇಕರಿ ಮುಟ್ಟೋಷ್ಟರಲ್ಲಿ ಎರಡನೇ ಮನೆಯನ್ನೇ ಕಟ್ಟಿಸಿಬಿಟ್ಟಿದ್ದಳು. ಪಾಪ, ಅವಳ ಮನೆ ಸೋಫಾದ ಮುರಿದ ಕಾಲಿಗೆ ಇನ್ನೂ ಹಳೇ ಪುಸ್ತಕದ ಕಟ್ಟೇ ಆಸರೆ.

ಗಾಲಿಯಕ್ಕ ಯಾರು ಅಂತೀರಾ? ಹನ್ನೆರಡು ವರ್ಷದಿಂದ ಬೇಕರಿ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಲಿಕುರ್ಚಿ, ಊರುಗೋಲು, ವಾಕರ್, ಮಡಚೋ ಮಂಚ ಇಟ್ಟುಕೊಂಡು, ಕಾಯಿಲೆ ಬಿದ್ದವರಿಗೆ ಪುಕ್ಕಟೆ ಕೊಡೋ ಹೆಂಗಸು. ವಾಸಿಯಾದ ಮೇಲೆ ವಾಪಸ್ ತಂದಿಟ್ಟರೆ ಆಯ್ತು. ಬೀದಿಯ ಮೂರು ಅಂಗಡಿಯಲ್ಲಿ ಮೂರು ಡಬ್ಬಿ ಇಟ್ಟಿದ್ದಳು. ಜನ ಹಾಕಿದ ಚಿಲ್ಲರೆಯಲ್ಲೇ ಸಾಮಾನು ಕೊಳ್ಳಬೇಕು, ಅದರಲ್ಲೇ ರಿಪೇರಿ ಆಗಬೇಕು.

ಗುಸುಗುಸು ಬೇಕರಿಯವರ ಕಿವಿಗೂ ಬಿತ್ತು. ಶೆಡ್ಡು ಅವರದು, ಬಾಡಿಗೆ ಇಲ್ಲದೆ ಕೊಟ್ಟಿದ್ದರು. ಮನುಷ್ಯ ಒಳ್ಳೆಯವರೇ, ಆದರೆ ಹೆದರುಪುಕ್ಕಲು.

"ಅಕ್ಕಾ, ನನ್ನ ಅಂಗಡಿ ಹೆಸರು ಕೆಡಬಾರದು ನೋಡಿ. ಬರೋ ಭಾನುವಾರ ಬೀದಿಯವರನ್ನ ಸೇರಿಸ್ತೀನಿ. ಅವರು ಸರಿ ಅಂದ್ರೆ ಸರಿ. ಇಲ್ಲಾಂದ್ರೆ ಶೆಡ್ಡು ಖಾಲಿ ಮಾಡಿಕೊಡಿ" ಅಂದರು.

"ಅದು ಆಗಲೇ ಖಾಲಿ ಇದೆಯಲ್ಲ" ಅಂದರು ಗಾಲಿಯಕ್ಕನ ಗಂಡ. ಹೊತ್ತುಗೊತ್ತು ನೋಡಿ ಮಾತಾಡೋದು ಆ ಮಹಾನುಭಾವರಿಗೆ ಯಾವತ್ತೂ ಬಂದಿಲ್ಲ.

ಅವತ್ತೇ ಫೋನು ಹೋಗಿದ್ದು ಗಾಲಿಯಕ್ಕನ ತಂಗಿಗೆ.

ತಂಗಿ ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ಉಪನ್ಯಾಸಕಿ. ಎಲ್ಲರ ಬಾಯಲ್ಲೂ ಲೆಕ್ಕದ ಮೇಡಂ. ಕೆಲಸಕ್ಕೆ ಸೇರಿದ ಮೊದಲ ವರ್ಷ ಜಮಾ ಖರ್ಚು ಹೇಳಿಕೊಡ್ತಾ ಇದ್ದವಳು, ಸುಮ್ಮನೆ ಒಂದು ಪ್ರಶ್ನೆ ಕೇಳಿದ್ದಳು: "ನೀವೆಲ್ಲ ಯಾವುದಾದ್ರೂ ದಾನದ ಡಬ್ಬಿಗೆ ದುಡ್ಡು ಹಾಕಿರ್ತೀರಿ. ಆಮೇಲೆ ಅದೇನಾಯ್ತು ಅಂತ ಯಾರಾದ್ರೂ ನಿಮಗೆ ಹೇಳಿದಾರಾ?" ಅರವತ್ತು ಜನರ ಕ್ಲಾಸು. ಒಂದು ಕೈಯೂ ಮೇಲೇಳಲಿಲ್ಲ.

ಆ ಪ್ರಶ್ನೆ ಅವಳನ್ನ ಬಿಡಲೇ ಇಲ್ಲ. ಇಪ್ಪತ್ನಾಲ್ಕು ವರ್ಷ ಪಾಠ ಮಾಡ್ತಾ, ರಜೆ ಬಂತು ಅಂದ್ರೆ ಬಸ್ಸು ಹತ್ತಿ ಸಣ್ಣಪುಟ್ಟ ಸಂಘಗಳಿಗೆ ಹೋಗ್ತಿದ್ದಳು. ಬೀದಿನಾಯಿ ಸಾಕೋರು, ರಕ್ತ ಕೊಡಿಸೋರು, ಓದೋ ಕೋಣೆ ನಡೆಸೋರು. ಲಾಭದ ಆಸೆ ಇಲ್ಲದೆ ಕೆಲಸ ಮಾಡೋ ಇವರು ಜನರಿಗೆ ಹೇಗೆ ಲೆಕ್ಕ ಒಪ್ಪಿಸ್ತಾರೆ ಅನ್ನೋದೇ ಅವಳ ಸಂಶೋಧನೆ. ಹಾಗೆ ಎಂಬತ್ತೊಂದು ಸಂಘ ನೋಡಿದಳು. ಅವುಗಳಲ್ಲಿ ಹತ್ತೊಂಬತ್ತು ಅವಳ ಕಣ್ಣೆದುರೇ ಬಾಗಿಲು ಮುಚ್ಚಿದವು. ಅದರಲ್ಲಿ ಕಳ್ಳರು ಇಬ್ಬರೋ ಮೂವರೋ. ಮಿಕ್ಕವರು ಅಪ್ಪಟ ಪ್ರಾಮಾಣಿಕರು. ಮಾಡಿದ ಕೆಲಸವನ್ನ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಈಗ ಇಪ್ಪತ್ತನೆಯವಳು ಸ್ವಂತ ಅಕ್ಕ. ಮಾರನೇ ದಿನವೇ ಮೇಡಂ ರಜೆ ಹಾಕಿ ಬಸ್ಸು ಹತ್ತಿದಳು.

"ಅಕ್ಕಾ, ಪುಸ್ತಕ ತೋರಿಸು" ಅಂದಳು ಶೆಡ್ಡಿಗೆ ಕಾಲಿಟ್ಟ ಕೂಡಲೇ.

"ಯಾವ ಪುಸ್ತಕ?"

"ಯಾರಿಗೆ ಏನು ಕೊಟ್ಟೆ, ಯಾವಾಗ ಕೊಟ್ಟೆ, ವಾಪಸ್ ಬಂತಾ ಅನ್ನೋದು."

"ಅದೆಲ್ಲ ನಾನು ಬರೆಯಲ್ಲಮ್ಮಾ."

"ಬರೆಯಲ್ಲ ಅಂದ್ರೆ?"

"ಬರೆಯಲ್ಲ ಅಂದ್ರೆ ಬರೆಯಲ್ಲ!" ಗಾಲಿಯಕ್ಕ ಕೈಯಲ್ಲಿದ್ದ ಎಣ್ಣೆ ಬಟ್ಟೆ ಕೆಳಗೆ ಹಾಕಿದಳು. "ಒಬ್ಬರು ಬಂದಿದ್ರು, ಯಾರು ಅಂತ ನಿನಗೂ ಹೇಳಲ್ಲ. ಗಟ್ಟಿಮುಟ್ಟಾಗಿ ದುಡಿದ ಮನುಷ್ಯ. ಒಂದು ಕಡೆ ಕೈಕಾಲು ಬಿದ್ದುಹೋಯ್ತು. ಕುರ್ಚಿ ತಗೊಂಡು ಹೋಗುವಾಗ ಅದರ ಮೇಲೆ ಬೆಡ್‌ಶೀಟ್ ಹೊದಿಸಿಕೊಂಡು ಹೋದರು ಕಣೇ, ಬೀದಿಯವರು ನೋಡಬಾರದು ಅಂತ. ಅಂಥವರ ಹೆಸರು ಬರೆದು ಗೋಡೆಗೆ ಅಂಟಿಸಲಾ? ಕೈಲಾಗದವರ ಪಟ್ಟಿ ಅಂತ?"

"ಮತ್ತೆ ಜನ ನಿನ್ನನ್ನೇ ಕಳ್ಳಿ ಅಂತಿದಾರಲ್ಲ?"

"ಅನ್ನಲಿ. ಹನ್ನೆರಡು ವರ್ಷ ನನ್ನ ಮುಖ ನೋಡಿ ನಂಬದೋರು, ನಿನ್ನ ಎರಡು ಗೆರೆ ನೋಡಿ ನಂಬ್ತಾರಾ? ಲೆಕ್ಕ ಕೇಳೋದೇ ಅವಮಾನ."

ಎಂಬತ್ತೊಂದು ಸಂಘದಲ್ಲಿ ಒಬ್ಬರೂ ಮೇಡಂಗೆ ಇಂಥ ಬೆಡ್‌ಶೀಟಿನ ಮಾತು ಹೇಳಿರಲಿಲ್ಲ. ಅವಳು ಮಡಚೋ ಮಂಚದ ಮೇಲೆ ಕೂತಳು. ಅದು ಕಿರ್ರ್ ಅಂತು. ಅಕ್ಕ ಹೇಳೋದರಲ್ಲಿ ತಪ್ಪೇನಿದೆ ಅಂತ ಅವಳಿಗೇ ಅನ್ನಿಸಿತು, ಅಕ್ಕನ ಮೇಲೆ ಹೆಮ್ಮೆಯೂ ಆಯಿತು.

ಎದುರಿದ್ದ ಕುರ್ಚಿಯೊಂದನ್ನ ಹತ್ತಿರ ಎಳೆದುಕೊಂಡು ಅಂದಳು. "ಅಕ್ಕಾ, ಜನರ ಹೆಸರು ಬೇಡ. ಕುರ್ಚಿಗೆ ನಂಬರ್ ಹಾಕೋಣ. ನಾಲ್ಕನೇ ಕುರ್ಚಿ ಇಂಥ ದಿನ ಆಚೆ ಹೋಯ್ತು, ಇಂಥ ದಿನ ಬಂತು. ಎಲ್ಲರಿಗೂ ತೋರಿಸೋ ಪುಸ್ತಕದಲ್ಲಿ ಅಷ್ಟೇ. ಯಾರ ಮನೆಗೆ ಹೋಯ್ತು ಅನ್ನೋದು ಬೇರೆ ಚಿಕ್ಕ ಪುಸ್ತಕದಲ್ಲಿ, ನಿನ್ನ ಬೀರುವಿನೊಳಗೆ, ಬೀಗ ಹಾಕಿ."

"ಅಷ್ಟಕ್ಕೇ ಜನ ಒಪ್ತಾರಾ?"

"ದುಡ್ಡು ಹಾಕಿದವರಿಗೆ ಕಾಯಿಲೆಯವರ ಹೆಸರು ಯಾಕೆ ಬೇಕು? ತಾವು ಕೊಟ್ಟಿದ್ದು ಎಲ್ಲೋ ಕೆಲಸ ಮಾಡ್ತಿದೆ ಅನ್ನೋ ಸುದ್ದಿ ಬೇಕು. ಅದನ್ನ ಕೇಳೋ ಹಕ್ಕು ಅವರಿಗಿದೆ. ಲೆಕ್ಕ ಕೇಳೋರೆಲ್ಲ ಬೈಯೋಕೇ ಕೇಳಲ್ಲ ಅಕ್ಕಾ. ಎಷ್ಟೋ ಜನ ಖುಷಿ ಪಡೋಕೆ ಕೇಳ್ತಾರೆ."

ಗಾಲಿಯಕ್ಕ ಮುಖ ಊದಿಸಿಕೊಂಡು ಒಂದು ಚಕ್ರಕ್ಕೆ ಎಣ್ಣೆ ಬಿಟ್ಟಳು. ಇನ್ನೊಂದಕ್ಕೂ ಬಿಟ್ಟಳು. ಆಮೇಲೆ ತಲೆ ಎತ್ತದೆ, "ಯಾವ ಬಣ್ಣದಲ್ಲಿ ಬರೀತೀಯ?" ಅಂದಳು.

"ಕೆಂಪು."

"ಕೆಂಪು ಬೇಡ, ರಕ್ತ ನೆನಪಾಗುತ್ತೆ. ಹಳದಿ ತಗೋ."

ಗೆದ್ದೆ ಅಂತ ಮೇಡಂ ಮನಸ್ಸಿನಲ್ಲೇ ಕುಣಿದಳು. ಬಾಯಲ್ಲಿ ಮಾತ್ರ "ಆಯ್ತು, ಹಳದಿ" ಅಂದಳು.

ಬಿಲ್ಲುಗಳು ಒಂದು ದಿಂಬಿನ ಚೀಲದಲ್ಲಿ ಸಿಕ್ಕವು. ಹನ್ನೆರಡು ವರ್ಷದ ಒಂದೊಂದು ಬಿಲ್ಲೂ ಇತ್ತು! ಡಬ್ಬಿ ತೆಗೆದಾಗಲೆಲ್ಲ ದುಡ್ಡು ಎಣಿಸಿ ಬರೆದ ಚೀಟಿಗಳೂ ಅದರಲ್ಲೇ ಇದ್ದವು. ಕೂಡಿ ನೋಡಿದರೆ ಇಷ್ಟು ವರ್ಷದಲ್ಲಿ ಕೊಂಡದ್ದು ನಲವತ್ಮೂರು ಸಾಮಾನು. ಶೆಡ್ಡಿನಲ್ಲಿ ಇದ್ದದ್ದು ಆರು.

ಮಿಕ್ಕವನ್ನ ಹುಡುಕೋಕೆ ಮೂವರೂ ಹೊರಟರು. ಮುಂದೆ ಒಂದೊಂದೇ ಮನೆ ನೆನಪಿಸಿಕೊಳ್ತಾ ಗಾಲಿಯಕ್ಕ, ನಡುವೆ ಬ್ರಷ್ಷು ಹಿಡಿದ ಮೇಡಂ, ಹಿಂದೆ ಬಣ್ಣದ ಡಬ್ಬಿ ಹೊತ್ತ ಭಾವ. ನಾಲ್ಕು ದಿನ ಅವರು ನೋಡಿದ್ದನ್ನ ಏನು ಹೇಳೋಣ! ಒಂದು ಮನೆಯಲ್ಲಿ ವಾಕರ್ ಮೇಲೆ ಟವೆಲ್ಲು, ಬನಿಯನ್ನು ಒಣಗ್ತಾ ಇದ್ದವು. ಇನ್ನೊಂದು ಮನೆಯಲ್ಲಿ ರೋಗಿಯ ಮಂಚದ ಮೇಲೆ ಬೆಕ್ಕು ಮೂರು ಮರಿ ಹಾಕಿ ಹಾಯಾಗಿ ಮಲಗಿತ್ತು. ಹಾಗೆ ಮೂಲೆ ಸೇರಿದ್ದ ಹನ್ನೆರಡು ಸಾಮಾನು ಅವತ್ತವತ್ತೇ ಶೆಡ್ಡಿಗೆ ಬಂದವು. ಬೆಕ್ಕಿಗೆ ಬೇರೆ ರಟ್ಟಿನ ಡಬ್ಬಿ ಕೊಡಬೇಕಾಯ್ತು.

ಆದರೆ ಇಪ್ಪತ್ತೆರಡು ಸಾಮಾನು ನಿಜಕ್ಕೂ ದುಡೀತಾ ಇದ್ದವು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಗಾಲಿಕುರ್ಚಿಯನ್ನ ಹಿಂದಕ್ಕೆ ಓಡಿಸೋದು ಕಲಿತಿದ್ದರು. "ದಾರಿ ಬಿಡಿ, ದಾರಿ ಬಿಡಿ!" ಅಂತ ಭಾವನ ಕಾಲ ಮೇಲೇ ಹತ್ತಿಸಿದರು. ಪರದೆ ಎಳೆದಿದ್ದ ಒಂದು ಮನೆಗೆ ಮಾತ್ರ ಗಾಲಿಯಕ್ಕ ಒಬ್ಬಳೇ ಬ್ರಷ್ಷು ತಗೊಂಡು ಹೋದಳು. ಮೇಡಂ ಗೇಟಿನ ಹತ್ತಿರವೇ ನಿಂತಳು.

ಇಷ್ಟಾದರೂ ಮೂರು ಸಾಮಾನು ಸಿಗಲಿಲ್ಲ. ಒಂದು ಕುರ್ಚಿ, ಒಂದು ವಾಕರ್, ಒಂದು ಊರುಗೋಲು.

ಶನಿವಾರ ಮೇಡಂ ಕೂತು ವರದಿ ಬರೆದಳು. ಹದಿನಾಲ್ಕು ಪುಟ. ಭಾವ ಮೂರನೇ ಪುಟಕ್ಕೆ ಗೊರಕೆ ಹೊಡೆದರು.

"ಇದೇನೇ ಇದು, ಪಾಲುದಾರರಿಗೆ ಉತ್ತರದಾಯಿತ್ವ?" ಗಾಲಿಯಕ್ಕ ಕನ್ನಡಕ ಏರಿಸಿದಳು. "ಪಾಲುದಾರರು ಅಂದ್ರೆ ಯಾರು?"

"ದುಡ್ಡು ಕೊಟ್ಟೋರು, ಕುರ್ಚಿ ಪಡೆದೋರು. ನಮ್ಮ ಬೀದಿಯೋರು."

"ಹಾಗಾದ್ರೆ ಬೀದಿಯೋರು ಅಂತ ಬರಿ. ಇದನ್ನ ಓದಿದ್ರೆ ಇಸ್ತ್ರಿಯವನು ನನ್ನನ್ನ ಇನ್ನೂ ದೊಡ್ಡ ಕಳ್ಳಿ ಅಂದ್ಕೋತಾನೆ."

ಮೇಡಂ ಒಂದು ಕ್ಷಣ ಬೆಪ್ಪಾದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜನರಿಗೆ ಹೇಗೆ ಹೇಳಬೇಕು ಅಂತ ಇಪ್ಪತ್ನಾಲ್ಕು ವರ್ಷ ಬರೆದವಳು ಅವಳು. ಆ ಬರಹ ಓದಿದವರನ್ನ ಬೆರಳಲ್ಲಿ ಎಣಿಸಬಹುದಿತ್ತು. ಹದಿನಾಲ್ಕು ಪುಟ ಪಕ್ಕಕ್ಕಿಟ್ಟು, ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಮತ್ತೆ ಬರೆದಳು.

"ಆ ಕಳೆದುಹೋದ ಮೂರರ ವಿಷಯ ಬಿಟ್ಟುಬಿಡೇ" ಅಂದಳು ಗಾಲಿಯಕ್ಕ ಮೆಲ್ಲಗೆ.

"ಅದೊಂದು ಬಿಡಲ್ಲ. ಅದನ್ನ ಮುಚ್ಚಿಟ್ಟರೆ ಮಿಕ್ಕ ನಲವತ್ತನ್ನೂ ಯಾರೂ ನಂಬಲ್ಲ."

ಭಾನುವಾರ ಬೆಳಿಗ್ಗೆ ಬೇಕರಿ ಹಿತ್ತಲು ತುಂಬಿಹೋಯ್ತು. ಬ್ರೆಡ್ಡಿನ ಕ್ರೇಟು ಬೋರಲು ಹಾಕಿ ಜನ ಕೂತರು. ಗಾಲಿಯಕ್ಕ ಹಾಳೆ ಹಿಡಿದು ಎದ್ದು ನಿಂತಳು. ಹನ್ನೆರಡು ವರ್ಷದಲ್ಲಿ ಡಬ್ಬಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಓದಿದಳು. ಉಳಿದದ್ದು ಒಂದು ಹೊಸ ಟೈರಿಗೆ ಸಾಲೋಷ್ಟು. "ಒಟ್ಟು ಸಾಮಾನು ನಲವತ್ಮೂರು. ಶೆಡ್ಡಿನಲ್ಲಿ ಹದಿನೆಂಟು. ಮನೆಗಳಲ್ಲಿ ಕೆಲಸ ಮಾಡ್ತಿರೋದು ಇಪ್ಪತ್ತೆರಡು. ಮೂರು ಎಲ್ಲಿವೆ ಅಂತ ನನಗೆ ಗೊತ್ತಿಲ್ಲ. ಬರೆದಿಡಲಿಲ್ಲ. ತಪ್ಪು ನಂದು."

ಇಸ್ತ್ರಿಯವನು ಎದ್ದ. "ಇಪ್ಪತ್ತೆರಡು ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ? ಈಗ ಒಂಬತ್ತನೇ ನಂಬರ್ ಯಾರ ಹತ್ರ ಇದೆ, ಹೇಳಿ."

"ಹೇಳಲ್ಲ."

"ಯಾಕೆ?"

"ಕಾಯಿಲೆ ಅವರದು. ಹೇಳೋ ಹಕ್ಕು ನಂದಲ್ಲ. ಬೇಕಾದ್ರೆ ಇವತ್ತೇ ಶೆಡ್ಡಿನ ಬೀಗದ ಕೈ ಕಿತ್ಕೊಳ್ಳಿ, ಹೆಸರು ಮಾತ್ರ ಹೇಳಲ್ಲ."

ಬೇಕರಿಯವರು ನೆಲ ನೋಡಿದರು. ಎಲ್ಲ ಮುಗೀತು ಅಂದುಕೊಂಡಳು ಮೇಡಂ.

"ಒಂಬತ್ತು ನಂದು" ಅಂತ ಹಿಂದಿನಿಂದ ಒಂದು ದನಿ ಬಂತು.

ಎಲ್ಲರೂ ತಿರುಗಿದರು. ಗಡಿಯಾರ ರಿಪೇರಿಯವರು, ಗಾಲಿಕುರ್ಚಿಯಲ್ಲಿ. ಬೆಡ್‌ಶೀಟು ಇರಲಿಲ್ಲ. ಹಳದಿ ಒಂಬತ್ತು ಎಲ್ಲರಿಗೂ ಕಾಣ್ತಿತ್ತು. "ಎರಡು ವರ್ಷ ಆಯ್ತು. ಇವಳು ಒಬ್ಬರಿಗೂ ಹೇಳಿಲ್ಲ. ಅದಕ್ಕೇ ನಾನೇ ಹೇಳೋಕೆ ಬಂದೆ" ಅಂದರು.

"ಹದಿನಾಲ್ಕು ನಮ್ಮಮ್ಮಂದು!" ಅಂದಳು ಹಾಲಿನ ಅಂಗಡಿಯವಳು.

"ಇಪ್ಪತ್ತೇಳು, ನಮ್ಮ ಯಜಮಾನರ ಮಂಚ!"

"ನಾಲ್ಕು ನಾನು! ದಾರಿ ಬಿಡಿ!" ಅಂದರು ಅಜ್ಜಿ.

ಆ ಕಡೆಯಿಂದೊಂದು ನಂಬರು, ಈ ಕಡೆಯಿಂದೊಂದು ನಂಬರು. ಕೂಗಿದ್ದಕ್ಕೆಲ್ಲ ಮೇಡಂ ಪುಸ್ತಕದಲ್ಲಿ ಗುರುತು ಹಾಕಿದ್ದೇ ಹಾಕಿದ್ದು, ಕಣ್ಣೀರು ಒರೆಸಿಕೊಂಡಿದ್ದೇ ಒರೆಸಿಕೊಂಡಿದ್ದು. ಗದ್ದಲದ ನಡುವೆ ಇಸ್ತ್ರಿಯವನ ಹೆಂಡತಿ ಗಂಡನ ತೋಳು ಜಗ್ಗಿದಳು.

"ರೀ, ಆ ಕಳೆದುಹೋದ ಊರುಗೋಲು... ನಮ್ಮ ಅಂಗಡೀಲಿದೆ ರೀ."

"ನಮ್ಮ ಅಂಗಡೀಲಾ? ಎಲ್ಲಿದೆ?"

"ನನ್ನ ಕಾಲು ಉಳುಕಿದಾಗ ತಂದಿದ್ದೆ. ನೀವು ದಿನಾ ಶಟರ್ ಎಳೆಯೋದು ಅದರಲ್ಲೇ ಅಲ್ವಾ?"

ಹಿತ್ತಲಿಗೆ ಹಿತ್ತಲೇ ಬಿದ್ದೂಬಿದ್ದೂ ನಕ್ಕಿತು. ಇಸ್ತ್ರಿಯವನ ಕಿವಿ ಕೆಂಪಾದವು. ಆದರೂ ಗಟ್ಟಿ ಮನುಷ್ಯ, ಓಡಿಹೋಗಿ ಕೋಲು ತಂದು ಗಾಲಿಯಕ್ಕನ ಕೈಗೆ ಕೊಟ್ಟ. "ತಪ್ಪಾಯ್ತು ಅಕ್ಕಾ. ನಂಬರ್ ಹಾಕ್ಕೊಳ್ಳಿ" ಅಂದ.

"ಶೆಡ್ಡು ನಿಮ್ಮದೇ ಅಕ್ಕಾ" ಅಂದರು ಬೇಕರಿಯವರು. "ಇಷ್ಟೆಲ್ಲ ವಾಪಸ್ ಬಂದಿದೆ, ಒಂದು ದೊಡ್ಡ ಕಪಾಟೂ ಹಾಕಿಸಿಕೊಡ್ತೀನಿ."

ಜನ ಎದ್ದು ಹೊರಡುವಾಗ ಇಸ್ತ್ರಿಯವನು ತಲೆ ಕೆರೆದುಕೊಳ್ತಾ ನಿಂತ. "ಇನ್ನೊಂದು ಮಾತು. ಮತ್ತೆ ಯಾವಾಗ ಲೆಕ್ಕ ಓದ್ತೀರಿ?"

ಮೇಡಂ ಅಕ್ಕನ ಮುಖ ನೋಡಿದಳು. ಲೆಕ್ಕ ಕೇಳೋದೇ ಅವಮಾನ ಅಂದಿದ್ದ ಅಕ್ಕ!

"ಮೂರು ತಿಂಗಳಿಗೊಂದು ಸಲ" ಅಂದಳು ಗಾಲಿಯಕ್ಕ. "ತಪ್ಪದೆ ಬನ್ನಿ. ಬಂದು ಹೀಗೇ ಕೇಳಿ. ಕೇಳೋರು ಇಲ್ಲದಿದ್ರೆ ನಾನು ಮತ್ತೆ ಬರೆಯೋದು ಬಿಟ್ಟುಬಿಡ್ತೀನಿ."

ಕೇಳಿದಿರಲ್ಲ ಅಕ್ಕಂದಿರೇ, ಅಣ್ಣಂದಿರೇ? ನಿಮ್ಮ ಬೀದಿಯಲ್ಲೂ ಒಂದು ಡಬ್ಬಿ ಇರುತ್ತೆ, ಒಂದು ಸಂಘ ಇರುತ್ತೆ. ನೀವು ಅದಕ್ಕೆ ದುಡ್ಡು ಹಾಕೋರಾದರೆ ಬೆನ್ನ ಹಿಂದೆ ಗೊಣಗಬೇಡಿ. ಎದುರಿಗೆ ಹೋಗಿ, ನಗುನಗ್ತಾ, "ಏನಾಯ್ತು ಹೇಳಿ" ಅಂತ ಕೇಳಿ. ನೀವೇ ಸಂಘ ನಡೆಸೋರಾದರೆ ಯಾರೂ ಕೇಳೋವರೆಗೂ ಕಾಯಬೇಡಿ. ಬಂದದ್ದು, ಹೋದದ್ದು, ಕಳೆದದ್ದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಎಲ್ಲರೆದುರು ಓದಿ. ಸಹಾಯ ಪಡೆದವರ ಹೆಸರನ್ನ ಮಾತ್ರ ಬೀಗದೊಳಗೆ ಜೋಪಾನ ಮಾಡಿ. ಈ ಭಾನುವಾರವೇ ಶುರು ಮಾಡಿ. ಹಾಗೆಯೇ, ಮನೆಗೆ ಹೋದ ಮೇಲೆ ಒಂದು ಸಲ ಅಟ್ಟ, ಮಂಚದ ಕೆಳಗೆ, ಬಾಗಿಲ ಹಿಂದೆ ನೋಡಿ. ಯಾರದೋ ಕುರ್ಚಿಯೋ ವಾಕರ್ರೋ ಅಲ್ಲೇ ಇದ್ದರೆ, ದಯವಿಟ್ಟು ವಾಪಸ್ ತಂದುಕೊಡಿ. ನಡೆಯೋಕೆ ಆಗದೆ ಅದಕ್ಕೇ ಕಾಯ್ತಾ ಕೂತವರು ಒಬ್ಬರು ಇರ್ತಾರೆ.