ಗಂಟು ಕಾಣದ ಹೊಲಿಗೆ

ನಲವತ್ತು ವರ್ಷ ಕತ್ತರಿ ಆಡಿಸಿದ ನನ್ನ ಬಲಭುಜದೊಳಗೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜು ಹರಿದಿತ್ತು. ಅದನ್ನು ಹೊಲಿದ ಡಾಕ್ಟರು ನನ್ನ ತಂಗಿಯ ಮಗಳು. ಅವಳು ಸೂಜಿ ಹಿಡಿಯಲು ಕಲಿತದ್ದು ನನ್ನ ದರ್ಜಿ ಅಂಗಡಿಯಲ್ಲೇ. ಗಂಟು ಹೊರಗೆ ಕಂಡರೆ ಸಾಕು, ಅತ್ತರೂ ಬಿಡದೆ ಪೂರ್ತಿ ಬಿಚ್ಚಿಸುತ್ತಿದ್ದೆ.

ಪಟ್ಟಿ ಬಿಚ್ಚಿದರೆ ಅಂಗಿಯ ಗುಂಡಿಗಿಂತ ಚಿಕ್ಕ ಮೂರು ಗಾಯ, ಅಷ್ಟೇ. ನನಗೆ ಪಿತ್ತ ನೆತ್ತಿಗೇರಿತು.

"ಹೊಲಿದಿದ್ದೀಯೋ, ಕಣ್ಣಿಗೆ ಮಣ್ಣೆರಚಿದ್ದೀಯೋ? ಒಂದು ಗಂಟೂ ಕಾಣ್ತಿಲ್ವಲ್ಲ!"

ಅವಳು ನಗುತ್ತಾ, ಅದರಲ್ಲೊಂದು ತೂತಿನಿಂದ ಒಳಹೋದ ಕ್ಯಾಮೆರಾ ಹಿಡಿದ ವಿಡಿಯೊ ತೋರಿಸಿದಳು. ಹರಿದ ಅಂಚು ಮೂಳೆಯ ಮೇಲೆ ಸುಕ್ಕಿಲ್ಲದೆ ಕೂತಿತ್ತು.

"ಗಂಟು ಒಳಗಿದೆ ಮಾವ. ಹೊರಗೆ ಕಂಡ್ರೆ ನೀವು ಬಿಡ್ತೀರಾ?"

ಅವಳು ಹೋದಮೇಲೆ ಪಕ್ಕದ ಹಾಸಿಗೆಯವರನ್ನು ಕರೆದು ಭುಜ ತೋರಿಸಿದೆ.

"ನೋಡಿ, ನಮ್ಮ ಅಂಗಡಿ ಹೊಲಿಗೆ!"