ಕನೆಕ್ಟರ್ ಪಕ್ಕದ ಜಾಗ

ಲಿಫ್ಟ್ ಹೊರಟಿತು, ಗೋಡೆಯೊಳಗೆಲ್ಲೋ ಮೋಟಾರು ಗುಂಯ್ ಎಂದಿತು, ಕುರ್ಚಿಯ ಹಸಿರು ದೀಪ ಮಿಟುಕಲಿಲ್ಲ — ಇನ್ನೊಂದು ಸಲ ನೋಡೋಣ, ಲಿಫ್ಟ್ ಇಳಿಯಲಿ, ಇಳಿಯಿತು, ದೀಪ ಹಾಗೇ ಇದೆ, ಅಬ್ಬ, ಅಕ್ಕನ ಗಾಲಿಕುರ್ಚಿಗೆ ನಾನು ಮಾಡಿದ ಹೊಸ ಬೋರ್ಡು ಗೆದ್ದಿತು, ಹಳೆಯದಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಸಲ ಕಣ್ಣು ಮುಚ್ಚಿ ಕೂತಿರುತ್ತಿತ್ತು, ಈ ಪಡಸಾಲೆಯಲ್ಲಿ ಸರಿಯಾಗಿ ಲಿಫ್ಟ್ ಬಾಗಿಲ ಎದುರಿಗೇ, ಮತ್ತೆ ಮುನಿಸಿಕೊಂಡಿತು ನೋಡೇ ನಿನ್ನ ಕತ್ತೆ ಎಂದು ಅಕ್ಕ ನಗುತ್ತಿದ್ದಳು, ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಕತ್ತೆಯ ತಪ್ಪಲ್ಲವಲ್ಲ ಅದು, ಕುರ್ಚಿ ನಡೆಸುವ ಜಾಯ್‌ಸ್ಟಿಕ್ ಕೋಲನ್ನು ಎತ್ತ ತಳ್ಳಿದಳು ಎಂಬುದನ್ನು ಎರಡು ತಂತಿಗಳ ಮೇಲೆ ಮೋಟಾರಿಗೆ ಕೂಗಿ ಹೇಳುವ ಪುಟ್ಟ ಚಿಪ್, ಟ್ರಾನ್ಸೀವರ್, ಅದು ಕನೆಕ್ಟರ್ ಪಕ್ಕದಲ್ಲೇ ಕೂರಬೇಕು, ತಂತಿ ಒಳಬರುವ ಬಾಗಿಲಲ್ಲೇ, ಅದಕ್ಕೂ ಮುಂದೆ ಕಾವಲಿಗೊಂದು ಡಯೋಡ್ — ಹೊಸಬರಿಗೆ ನಾನೇ ಹೇಳಿಕೊಡುವ ಪಾಠ, ಆದರೂ ಮೊದಲ ಬೋರ್ಡಿನಲ್ಲಿ ಅದನ್ನು ನಟ್ಟನಡುವೆ ಪ್ರೊಸೆಸರ್ ಮಗ್ಗುಲಿಗೆ ಕೂರಿಸಿದ್ದೆ, ತಾಮ್ರದ ಗೆರೆಗಳು ಅಲ್ಲಿ ಚೆಂದ ಹೊಂದಿಕೊಂಡವು ಅಂತ, ಬಾಗಿಲಿನಿಂದ ಅಷ್ಟು ದೂರ ಓಡಿದ ಆ ಎರಡು ಗೆರೆಗಳು ದಾರಿಯುದ್ದಕ್ಕೂ ಸಿಕ್ಕ ವಿದ್ಯುತ್ ಗದ್ದಲವನ್ನೆಲ್ಲ ಕಿವಿಗೆ ತುಂಬಿಕೊಂಡು ಬಂದವು, ಲಿಫ್ಟ್ ಹೊರಟರೆ ಮಾತು ಕೆಡುವುದು, ಮಾತು ಕೆಟ್ಟರೆ ಕುರ್ಚಿ ಅಪಾಯವೆಂದು ತಾನಾಗಿ ನಿಂತುಬಿಡುವುದು. ನಿಂತ್ರೆ ನಿಲ್ಲಲಿ ಬಿಡೇ, ನಡೀತಿದ್ದಾಗ ನಾನೇನು ನಿಲ್ತಿರಲಿಲ್ವಾ, ಅಂಗಡಿಗೆ ಅಂತ ಹೊರಟು ಸಿಕ್ಕಸಿಕ್ಕವರ ಹತ್ರ ಮಾತಾಡ್ಕೊಂಡು, ಅಂದಿದ್ದಳು ಅಕ್ಕ. ಬಿಡಬೇಕಿತ್ತು, ಆಗಲೇ ಬಿಡಬೇಕಿತ್ತು.

ಬಿಡದೆ ಸ್ಕ್ರೂ ಬಿಚ್ಚಿ ಬೋರ್ಡನ್ನು ಹೊರತೆಗೆದೆ. ಭಾವ ಟಾರ್ಚ್ ಹಿಡಿದು ನಿಂತಿದ್ದರು, ಇರೋದು ಇರಲಿ ಕಣಮ್ಮ, ಹೊಸದು ಬಂದ ದಿನ ಬದಲಾಯಿಸಿದ್ರಾಯ್ತಲ್ಲ, ಮನೆಯೊಳಗಾದ್ರೂ ಓಡಾಡ್ಕೊಂಡಿರ್ತಾಳೆ — ರಸ್ತೆ ಮಧ್ಯ ನಿಂತ್ಬಿಟ್ರೆ ಯಾರು ಹೊಣೆ ಭಾವ, ಎಂದುಬಿಟ್ಟೆ, ಅವರು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದರು, ರಸ್ತೆಯ ಭಯ ಸುಳ್ಳಲ್ಲ, ಆದರೆ ಅದಕ್ಕಿಂತ ಹೆಚ್ಚು ನಾಚಿಕೆ, ನಾನು ಮಾಡಿದ್ದು ಎಲ್ಲರ ಕಣ್ಣೆದುರು ಹೀಗೆ ಕೈಕೊಡುತ್ತದಲ್ಲ ಎಂಬ ನಾಚಿಕೆ. ಸ್ವಲ್ಪ ದಿನ ಅಕ್ಕ, ಬೇಗ ತರ್ತೀನಿ. ಆ ಒಂದು ಚಿಪ್ಪನ್ನು ಸರಿಸಿದ್ದರೆ ಸಾಕಿತ್ತು, ನಾನು ಇಡೀ ಬೋರ್ಡನ್ನೇ ಕೆದಕಿ ಕೂತೆ, ಡಯೋಡ್ ಸರಿಸಿದೆ, ಗೆರೆಗಳನ್ನು ಅಕ್ಕಪಕ್ಕ ಸಮವಾಗಿ ಎಳೆದೆ, ಅಳಿಸಿದೆ, ಮತ್ತೆ ಎಳೆದೆ, ತಯಾರಾಗಿ ಬಂದ ಬೋರ್ಡು ಒಂದು ಮೂಲೆ ನನಗೆ ಒಪ್ಪಿಗೆಯಾಗದೆ ವಾಪಸ್ ಹೋಯಿತು, ಬೇಸಿಗೆ ಕಳೆದದ್ದೇ ಗೊತ್ತಾಗಲಿಲ್ಲ. ಮೊದಮೊದಲು ಅಕ್ಕ ಫೋನ್ ಮಾಡಿ, ಎಲ್ಲೇ ನನ್ನ ಕತ್ತೆ, ಮೇಯೋಕೆ ಬಿಟ್ಟಿದ್ದೀಯಾ, ಎನ್ನುತ್ತಿದ್ದಳು, ಆಮೇಲೆ ಕೇಳುವುದು ಬಿಟ್ಟಳು, ಊಟ ಆಯ್ತಾ ಎಂದಷ್ಟೇ, ಅವಳ ದನಿಯ ಜೊತೆಗೆ ಭಾವನ ಉಸಿರೂ ಕೇಳಿಸುತ್ತಿತ್ತು, ಅಷ್ಟು ಹತ್ತಿರ, ಫೋನನ್ನು ಅವಳ ಕಿವಿಗೆ ಹಿಡಿದುಕೊಂಡಿದ್ದವರು ಅವರೇ ಇರಬೇಕು, ಯಾಕೆ ಹಿಡಿದಿದ್ದೀರಿ ಭಾವ ಎಂದು ಕೇಳಲಿಲ್ಲ, ಗದ್ದಲ ಎಲ್ಲಿಂದ ಒಳಬರುತ್ತದೆಂದು ಹುಡುಕುವುದೇ ಕಸುಬಾದವಳಿಗೆ ಅದೊಂದು ಕೇಳಿಸಲಿಲ್ಲ.

ಅಕ್ಕನದು ಸ್ನಾಯುಗಳ ಕಾಯಿಲೆ, ಕಾಲಿನಿಂದ ಮೇಲೇರುತ್ತದೆ, ಕೈಗೆ ಬರಲು ಇನ್ನೂ ಸಮಯ ಇದೆ ಎಂದಿದ್ದರು ಡಾಕ್ಟರು, ಆ ಸಮಯವೇ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತೇನೋ. ಇವತ್ತು ಬಂದು ಬೋರ್ಡು ಕೂರಿಸಿದೆ, ಕುರ್ಚಿಯನ್ನು ಇಲ್ಲಿಗೆ ತಳ್ಳಿಕೊಂಡು ಬಂದದ್ದೂ ನಾನೇ, ಅವಳೇ ಯಾಕೆ ನಡೆಸಿಕೊಂಡು ಬರಲಿಲ್ಲ ಎಂಬುದೂ ಖುಷಿಯಲ್ಲಿ ಹೊಳೆಯಲಿಲ್ಲ, ನೋಡಿದ್ಯಾ ಅಕ್ಕ, ಒಂಚೂರೂ ಮಿಟುಕಲಿಲ್ಲ, ಹ್ಞೂಂ ತಳ್ಳು ಈಗ. ಭಾವ ಅವಳ ಕೈಯೆತ್ತಿ ಕೋಲಿನ ಗುಬುಟಿನ ಮೇಲಿಟ್ಟರು. ತಳ್ಳು ಅಕ್ಕ. ಭಾವ ಕಿಟಕಿಯ ಕಡೆ ತಿರುಗಿದರು. ಏನು ಯೋಚಿಸ್ತಿದ್ದೀಯಾ, ತಳ್ಳೇ. ತಳ್ತಾ ಇದ್ದೀನಿ ಕಣೇ, ಎಂದಳು ಮೆಲ್ಲಗೆ, ನನಗೆ ಬೇಜಾರಾಗಬಾರದೆಂಬ ದನಿಯಲ್ಲಿ. ಹಗುರವಾದ ಕೋಲು ಹಾಕ್ತೀನಿ ಅಕ್ಕ, ಗದ್ದದಿಂದ ತಳ್ಳಬಹುದು, ನಾಳೆಯಿಂದಲೇ ಶುರು ಮಾಡ್ತೀನಿ, ಮಾತು ಬಾಯಿಂದ ಸುರಿಯುತ್ತಲೇ ಇತ್ತು, ಅವಳು ತಡೆದಳು, ಮಾಡು, ಆದ್ರೆ ಈ ಸಲ ಬಿಚ್ಕೊಂಡು ಹೋಗ್ಬೇಡ — ಹೋಗಲ್ಲ ಅಕ್ಕ, ಹೋಗಲ್ಲ — ಈಗಲೂ ತಳ್ಳುತ್ತಿದ್ದಾಳೆ, ಉಗುರು ಬೆಳ್ಳಗಾಗಿದೆ, ಕರಿ ಗುಬುಟಿನ ಮೇಲೆ ತೋರುಬೆರಳು, ತಳ್ಳುತ್ತಲೇ ಇರುವ ಬೆರಳು, ಅಲುಗದ ಗುಬುಟು, ಬೆಳ್ಳಗಾದ ಉಗುರು